ಪಡಸಾಲೆಯಲ್ಲಿ ಟರ್ನ್‌ಟೇಬಲ್, ನಡುಮನೆಯಲ್ಲಿ ಆಂಪ್ಲಿಫೈಯರ್: ಉದ್ದ ಕೇಬಲ್ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಳಗಾವಿಯ ಶಹಾಪುರ, ವಡಗಾವಿ ಕಡೆಯ ಹಳೆಯ ಮನೆಗಳನ್ನು ನೋಡಿದವರಿಗೆ ಈ ಪ್ರಶ್ನೆಗಳು ಎಲ್ಲಿಂದ ಹುಟ್ಟುತ್ತವೆ ಎಂದು ವಿವರಿಸಬೇಕಾಗಿಲ್ಲ. ಗಲ್ಲಿಗೆ ಮುಖ ಮಾಡಿದ ಅಗಲ ಕಡಿಮೆ. ಒಳಗೆ ಕಾಲಿಟ್ಟರೆ ಪಡಸಾಲೆ, ನಡುಮನೆ, ದೇವರ ಕೋಣೆ, ಅಡುಗೆಮನೆ, ಹಿತ್ತಲು ಎಂದು ರೈಲಿನ ಡಬ್ಬಿಗಳಂತೆ ಒಂದರ ಹಿಂದೊಂದು ಸಾಗುತ್ತವೆ. ಅಟ್ಟದಿಂದ ಅಜ್ಜನ ರೆಕಾರ್ಡುಗಳನ್ನು ಕೆಳಗಿಳಿಸಿದವರು ಟರ್ನ್‌ಟೇಬಲ್ ಅನ್ನು ಪಡಸಾಲೆಯ ಗೋಡೆಗೂಡಿನಲ್ಲಿ ಇಡುತ್ತಾರೆ, ಏಕೆಂದರೆ ಅಲ್ಲಿ ನೆಲ ಅಲುಗುವುದಿಲ್ಲ, ಮಕ್ಕಳ ಕೈಗೆ ಎಟುಕುವುದಿಲ್ಲ. ಆಂಪ್ಲಿಫೈಯರ್ ನಡುಮನೆಯ ಟಿವಿ ಪಕ್ಕ ಇರುತ್ತದೆ. ನಡುವೆ ಎಂಟೋ ಹತ್ತೋ ಮೀಟರ್ ದೂರ. ಆಮೇಲೆ ನನಗೆ ಫೋನ್ ಬರುತ್ತದೆ. ನಾನು ಎಂಜಿನಿಯರ್ ಅಲ್ಲ, ಬೆಸುಗೆ ಕಡ್ಡಿ ಹಿಡಿದು ಕೈ ಸುಟ್ಟುಕೊಂಡೇ ಕಲಿತವನು. ಒಂದೇ ಉತ್ತರವನ್ನು ಹತ್ತು ಜನರಿಗೆ ಹತ್ತು ಸಲ ಹೇಳುವ ಬದಲು ಇಲ್ಲಿ ಬರೆದಿಟ್ಟಿದ್ದೇನೆ.

ಟರ್ನ್‌ಟೇಬಲ್‌ನಿಂದ ಆಂಪ್ಲಿಫೈಯರ್‌ವರೆಗೆ ಹತ್ತು ಮೀಟರ್ ಕೇಬಲ್ ಎಳೆಯಬಹುದೇ?

ನೇರವಾಗಿ ಎಳೆಯಬೇಡಿ. ಟರ್ನ್‌ಟೇಬಲ್‌ನ ಪಕ್ಕದಲ್ಲೇ ಒಂದು ಫೋನೋ ಪ್ರೀ-ಆಂಪ್, ಅಂದರೆ ಟರ್ನ್‌ಟೇಬಲ್‌ನ ಕ್ಷೀಣ ಸಂಕೇತವನ್ನು ಹಿಗ್ಗಿಸುವ ಚಿಕ್ಕ ಪೆಟ್ಟಿಗೆ, ಇಡಿ. ಅದರವರೆಗೆ ಗಿಡ್ಡ ಕೇಬಲ್ ಇರಲಿ, ಅದರಿಂದ ಮುಂದೆ ಉದ್ದ ಕೇಬಲ್ ಹೋಗಲಿ. ಅವಸರದಲ್ಲಿರುವವರು ಇಷ್ಟನ್ನೇ ಓದಿ ಎದ್ದು ಹೋಗಬಹುದು.

ಸಿಡಿ ಪ್ಲೇಯರಿಗೆ ಉದ್ದ ಕೇಬಲ್ ಹಾಕಿದರೆ ಏನೂ ಆಗುವುದಿಲ್ಲ. ಟರ್ನ್‌ಟೇಬಲ್‌ಗೆ ಮಾತ್ರ ಏಕೆ ಇಷ್ಟು ಮಡಿ?

ಸಿಡಿ ಪ್ಲೇಯರ್ ಹೊರಗೆ ಕೊಡುವುದು ಗರಿಷ್ಠ ಸುಮಾರು 2 ವೋಲ್ಟ್. ಟರ್ನ್‌ಟೇಬಲ್‌ನ ತೋಳಿನ ತುದಿಯಲ್ಲಿ ಸೂಜಿ ಹಿಡಿದಿರುವ ಭಾಗಕ್ಕೆ ಕಾರ್ಟ್ರಿಡ್ಜ್ ಎನ್ನುತ್ತಾರೆ. ಸಾಮಾನ್ಯ ಮೂವಿಂಗ್ ಮ್ಯಾಗ್ನೆಟ್ ಕಾರ್ಟ್ರಿಡ್ಜ್, ಅಂದರೆ ಎಂಎಂ, ಕೊಡುವುದು ನಾಲ್ಕೈದು ಮಿಲಿವೋಲ್ಟ್. ನಾಲ್ಕುನೂರು ಪಟ್ಟು ಕಡಿಮೆ. ಮೂವಿಂಗ್ ಕಾಯಿಲ್, ಅಂದರೆ ಎಂಸಿ ಆದರೆ ಅರ್ಧ ಮಿಲಿವೋಲ್ಟ್ ಕೂಡ ಇರುವುದಿಲ್ಲ. ಜಾತ್ರೆಯ ಗದ್ದಲದಲ್ಲಿ ಕಿವಿಯಲ್ಲಿ ಪಿಸುಗುಟ್ಟಿದಂತೆ ಇದು. ಪಿಸುಮಾತು ಕೇಳಬೇಕಾದರೆ ಹತ್ತಿರ ನಿಲ್ಲಬೇಕು.

ಸಮಸ್ಯೆ ಅಲ್ಲಿಗೇ ಮುಗಿಯುವುದಿಲ್ಲ. ರೆಕಾರ್ಡ್ ಕೊರೆಯುವಾಗ ಮಂದ್ರ ಸ್ವರಗಳನ್ನು ಬೇಕೆಂದೇ ತಗ್ಗಿಸಿ, ತಾರ ಸ್ವರಗಳನ್ನು ಎತ್ತಿ ಕೊರೆಯುತ್ತಾರೆ. ಹಾಗೆ ಮಾಡದಿದ್ದರೆ ಮಂದ್ರದ ಅಲೆಗಳಿಗೆ ರೆಕಾರ್ಡಿನ ಗೀರಿನ ಅಗಲವೇ ಸಾಲದು. ನುಡಿಸುವಾಗ ಪ್ರೀ-ಆಂಪ್ ಇದನ್ನು ತಿರುಗಾಮುರುಗಾ ಮಾಡಿ ಸರಿಪಡಿಸುತ್ತದೆ. 1954ರಲ್ಲಿ ಒಪ್ಪಿತವಾದ ಈ ತಿದ್ದುಪಡಿಗೆ ಆರ್‌ಐಎಎ ಎಂದು ಹೆಸರು. ಅದರ ಪ್ರಕಾರ 1,000 ಹರ್ಟ್ಸ್‌ಗೆ ಹೋಲಿಸಿದರೆ 50 ಹರ್ಟ್ಸ್‌ನ ಸದ್ದು ಸುಮಾರು 17 ಡೆಸಿಬೆಲ್, ಎಂದರೆ ಏಳು ಪಟ್ಟು, ಹೆಚ್ಚು ವರ್ಧನೆಯಾಗುತ್ತದೆ. ನಮ್ಮ ಮನೆಯ ಕರೆಂಟ್ ಎಷ್ಟು ಹರ್ಟ್ಸ್? ಅದೇ 50. ಎಂಎಂ ಪ್ರೀ-ಆಂಪ್ ಸಾಮಾನ್ಯ ಸ್ವರವನ್ನು ನೂರು ಪಟ್ಟು ಹಿಗ್ಗಿಸಿದರೆ ಕರೆಂಟಿನ ಗುಂಯ್ ಸದ್ದನ್ನು ಏಳುನೂರು ಪಟ್ಟು ಹಿಗ್ಗಿಸುತ್ತದೆ. ಕಳ್ಳನಿಗೆ ಬಾಗಿಲು ತೆರೆದು, ಕಾಲಿಗೆ ನೀರು ಕೊಟ್ಟು, ಮಣೆ ಹಾಕಿದಂತೆ.

ಒಳ್ಳೆಯ ಶೀಲ್ಡ್ ಇರುವ ದುಬಾರಿ ಕೇಬಲ್ ಕೊಂಡರೆ ಎಲ್ಲ ಸರಿಹೋಗುವುದಿಲ್ಲವೇ?

ಅತಿ ಹೆಚ್ಚು ಹಣ ಪೋಲಾಗುವುದು ಈ ಪ್ರಶ್ನೆಯಲ್ಲಿ. ಆದ್ದರಿಂದ ಸ್ವಲ್ಪ ನಿಂತು ನೋಡೋಣ.

ಮೊದಲನೆಯದಾಗಿ, ತಾಮ್ರದ ಜಾಲರಿಯ ಶೀಲ್ಡ್ ವಿದ್ಯುತ್ ಕ್ಷೇತ್ರವನ್ನು ತಡೆಯುತ್ತದೆ, 50 ಹರ್ಟ್ಸ್‌ನ ಕಾಂತಕ್ಷೇತ್ರವನ್ನು ತಡೆಯುವುದಿಲ್ಲ. ಟ್ರಾನ್ಸ್‌ಫಾರ್ಮರ್ ಅಥವಾ ಮೋಟರಿನ ಪಕ್ಕದಲ್ಲಿ ಹಾದುಹೋಗುವ ಕೇಬಲ್ ಎಷ್ಟೇ ದುಬಾರಿಯಾಗಿದ್ದರೂ ಗುಂಯ್‌ಗುಟ್ಟುತ್ತದೆ. ಅದಕ್ಕೆ ಮದ್ದು ದೂರ, ಹಣವಲ್ಲ.

ಎರಡನೆಯದು ಹೆಚ್ಚಿನವರಿಗೆ ಹೊಳೆಯದ ವಿಷಯ. ಶೀಲ್ಡ್ ಇರುವ ಕೇಬಲ್ ಎಂದರೆ ಉದ್ದಕ್ಕೆ ಎಳೆದ ಒಂದು ಕೆಪಾಸಿಟರ್, ಅಂದರೆ ವಿದ್ಯುತ್ತನ್ನು ಕೊಂಚ ಹಿಡಿದಿಡುವ ಸಾಧನ. ನಡುವೆ ತಂತಿ, ಸುತ್ತ ಪ್ಲಾಸ್ಟಿಕ್, ಅದರ ಮೇಲೆ ಜಾಲರಿ. ಹಾಗೆ ಹಿಡಿದಿಡುವ ಶಕ್ತಿಗೆ ಕೆಪಾಸಿಟನ್ಸ್ ಎಂದು ಹೆಸರು. ಸಾಮಾನ್ಯ ಆಡಿಯೊ ಕೇಬಲ್‌ನಲ್ಲಿ ಅದು ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಎಂದು ಲೆಕ್ಕ ಹಿಡಿಯಬಹುದು. ಇತ್ತ ಎಂಎಂ ಕಾರ್ಟ್ರಿಡ್ಜ್‌ನ ಒಳಗೆ ಕೂದಲೆಳೆಯಂಥ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಅಂದರೆ ಅದೊಂದು ದೊಡ್ಡ ಇಂಡಕ್ಟರ್. ಇಂಡಕ್ಟರ್ ಮತ್ತು ಕೆಪಾಸಿಟರ್ ಜೊತೆಗೂಡಿದರೆ ಒಂದು ನಿರ್ದಿಷ್ಟ ಆವರ್ತನದಲ್ಲಿ ಅನುರಣನ ಹುಟ್ಟುತ್ತದೆ. ಅಲ್ಲಿಯವರೆಗೆ ಸದ್ದು ಏರುತ್ತದೆ, ಅದರಾಚೆ ದಡದಡನೆ ಇಳಿಯುತ್ತದೆ.

ಲೆಕ್ಕ ಹಾಕೋಣ. ಈಗ ಬಹಳ ಜನ ಕೊಳ್ಳುವ ಆಡಿಯೊ-ಟೆಕ್ನಿಕಾ ವಿಎಂ95ಇ ಕಾರ್ಟ್ರಿಡ್ಜ್‌ನ ಇಂಡಕ್ಟನ್ಸ್ 550 ಮಿಲಿಹೆನ್ರಿ. ಒಟ್ಟು ಕೆಪಾಸಿಟನ್ಸ್ 100ರಿಂದ 200 ಪಿಕೋಫ್ಯಾರಡ್ ಇರಲಿ ಎಂದು ತಯಾರಕರೇ ಹೇಳಿದ್ದಾರೆ. 200 ಇದ್ದಾಗ ಅನುರಣನ ಸುಮಾರು 15,000 ಹರ್ಟ್ಸ್‌ನಲ್ಲಿ ಬರುತ್ತದೆ. ಬಹುಪಾಲು ಸಂಗೀತ ಅದಕ್ಕಿಂತ ಕೆಳಗೇ ಮುಗಿಯುತ್ತದೆ, ಸಂತೋಷ. ಈಗ ಹತ್ತು ಮೀಟರ್ ಕೇಬಲ್ ಸೇರಿಸಿ. 200ರ ಜೊತೆ ಇನ್ನೊಂದು ಸಾವಿರ ಸೇರಿ 1,200 ಆಯಿತು. ಅನುರಣನ ಸುಮಾರು 6,200 ಹರ್ಟ್ಸ್‌ಗೆ ಕುಸಿಯಿತು. ಅಷ್ಟೇ ಅಲ್ಲ, ಆ ಜಾಗದಲ್ಲಿ ಸದ್ದು ಗುಡ್ಡದಂತೆ ಉಬ್ಬುತ್ತದೆ, ಆಚೆಗೆ ಕಮರಿ.

ಇದರ ಫಲ ಮೋಸದ್ದು. ಮೊದಲ ಐದು ನಿಮಿಷ ಎಲ್ಲವೂ ಹೆಚ್ಚು ಸ್ಪಷ್ಟವಾಯಿತು ಎನಿಸುತ್ತದೆ. ನಾನೂ ಹಾಗೆಯೇ ಮೋಸಹೋದೆ. ನಮ್ಮ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಒಂದು ಎಲ್‌ಪಿಯನ್ನು ಒಂಬತ್ತು ಮೀಟರ್ ಕೇಬಲ್ ಮೂಲಕ ಹಾಕಿ ಕೇಳುತ್ತಿದ್ದೆ. ಮಾತಿನ ‘ಸ’ಕಾರ, ‘ಶ’ಕಾರಗಳು ಹರಿತವಾಗಿ ಮುಂದೆ ಬಂದಿದ್ದವು, ಕೇಬಲ್ ಚೆನ್ನಾಗಿದೆ ಎಂದುಕೊಂಡೆ. ಅರ್ಧ ಗಂಟೆಯ ಮೇಲೆ ಏನೋ ಕಳೆದುಹೋಗಿದೆ ಎನಿಸತೊಡಗಿತು. ತಂಬೂರಿ! ತಂಬೂರಿ ಶ್ರುತಿಯಲ್ಲಿ ಅವರಷ್ಟು ಹಟಮಾರಿ ಯಾರಿದ್ದರು? ಆ ತಂಬೂರಿಯ ಜವಾರಿ, ತಂತಿಯ ಮೇಲೆ ಎಳೆಬಿಸಿಲು ಬಿದ್ದಂತೆ ಮಿನುಗುವ ಆ ಝೇಂಕಾರ, ಒರೆಸಿ ಹಾಕಿದಂತಾಗಿತ್ತು. ಗಿಡ್ಡ ಕೇಬಲ್ ಹಾಕಿದ ಕೂಡಲೇ ತಂಬೂರಿ ತನ್ನ ಜಾಗಕ್ಕೆ ಬಂದು ಕುಳಿತಿತು.

ಆದ್ದರಿಂದ ಎಷ್ಟೇ ಬೆಳ್ಳಿ, ಬಂಗಾರದ ಲೇಪ ಕೊಟ್ಟರೂ ಹತ್ತು ಮೀಟರ್ ಹತ್ತು ಮೀಟರೇ.

ಹಾಗಾದರೆ ಕಾರ್ಟ್ರಿಡ್ಜ್‌ನಿಂದ ಪ್ರೀ-ಆಂಪ್‌ವರೆಗೆ ಎಷ್ಟು ಉದ್ದ ಇರಬಹುದು?

ಒಂದು ಮೀಟರ್. ಹೆಚ್ಚೆಂದರೆ ಒಂದೂವರೆ. ಟರ್ನ್‌ಟೇಬಲ್‌ನ ತೋಳಿನೊಳಗಿನ ತಂತಿಗಳಿಗೂ ಒಂದಿಷ್ಟು ಕೆಪಾಸಿಟನ್ಸ್ ಇರುತ್ತದೆ, ಪ್ರೀ-ಆಂಪ್‌ನ ಒಳಹಾದಿಯಲ್ಲಿ ಅನೇಕ ವೇಳೆ 100 ಪಿಕೋಫ್ಯಾರಡ್ ಅಥವಾ ಅದಕ್ಕಿಂತ ಹೆಚ್ಚು ಕೂರಿಸಿರುತ್ತಾರೆ. ನೀವು ಕೇಬಲ್ ಜೋಡಿಸುವ ಮುಂಚೆಯೇ ಲೆಕ್ಕದ ಅರ್ಧ ಖರ್ಚಾಗಿರುತ್ತದೆ.

ಎಲ್ಲ ಕಾರ್ಟ್ರಿಡ್ಜ್‌ಗಳೂ ಒಂದೇ ಅಲ್ಲ. ಆರ್ಟೋಫೋನ್ 2ಎಂ ರೆಡ್‌ಗೆ 150ರಿಂದ 300 ಪಿಕೋಫ್ಯಾರಡ್ ನಡೆಯುತ್ತದೆ. ಜೊತೆಗೆ ಬಂದ ಕಾಗದ ಎಸೆಯುವ ಮೊದಲು ಓದಿ. ಕೈಯಲ್ಲಿರುವ ಕೇಬಲ್ ಎಷ್ಟು ಎಂದು ತಿಳಿಯಬೇಕಾದರೆ ಕೆಪಾಸಿಟನ್ಸ್ ಅಳೆಯುವ ಮಲ್ಟಿಮೀಟರ್ ಸಾಕು. ಕೇಬಲ್‌ನ ಎರಡೂ ತುದಿ ಬಿಚ್ಚಿ, ಒಂದು ಕಡೆ ಪ್ಲಗ್‌ನ ನಡುಗಡ್ಡಿಗೂ ಹೊರ ಬಳೆಗೂ ಮೀಟರ್ ಹಿಡಿಯಿರಿ. 0.1 ನ್ಯಾನೋಫ್ಯಾರಡ್ ತೋರಿಸಿದರೆ ಅದೇ 100 ಪಿಕೋಫ್ಯಾರಡ್. ಅಗ್ಗದ ಮೀಟರ್ ಏನೂ ಮುಟ್ಟಿಸದಿದ್ದಾಗಲೂ ಏನೋ ಒಂದು ಅಂಕಿ ತೋರಿಸುತ್ತದೆ, ಅದನ್ನು ಕಳೆಯಿರಿ.

ಪ್ರೀ-ಆಂಪ್ ದಾಟಿದ ಮೇಲೆ?

ಆಮೇಲೆ ರಾಜಮಾರ್ಗ. ಪ್ರೀ-ಆಂಪ್‌ನ ಹೊರಹಾದಿಯ ಪ್ರತಿರೋಧ ಕೆಲವು ನೂರು ಓಮ್ ಮಾತ್ರ. 600 ಓಮ್ ಎಂದೇ ಇಟ್ಟುಕೊಳ್ಳಿ, 15 ಮೀಟರ್ ಕೇಬಲ್‌ಗೆ 1,500 ಪಿಕೋಫ್ಯಾರಡ್ ಹಾಕಿ. ಕುಗ್ಗದೆ ಸಾಗುವ ಸ್ವರದ ಮೇಲಿನ ಮಿತಿ 1,70,000 ಹರ್ಟ್ಸ್ ದಾಟುತ್ತದೆ. ಮನುಷ್ಯನ ಕಿವಿ 20,000ಕ್ಕೇ ಕೈ ಮುಗಿಯುತ್ತದೆ, ಅದೂ ಹರೆಯದಲ್ಲಿ. ಪಡಸಾಲೆಯಿಂದ ಹಿತ್ತಲಿನವರೆಗೆ ಎಳೆದರೂ ಸ್ವರಕ್ಕೆ ಚ್ಯುತಿ ಇಲ್ಲ. ಇಲ್ಲಿ ತೊಂದರೆ ಬರುವುದಾದರೆ ಅರ್ಥಿಂಗ್‌ನಿಂದ, ಅದರ ಮಾತು ಮುಂದೆ ಇದೆ.

ನನ್ನ ಟರ್ನ್‌ಟೇಬಲ್‌ನಲ್ಲೇ ಪ್ರೀ-ಆಂಪ್ ಇದೆಯೇ ಎಂದು ಗುರುತಿಸುವುದು ಹೇಗೆ?

ಹಿಂಭಾಗದಲ್ಲಿ ‘ಫೋನೋ / ಲೈನ್’ ಎಂಬ ಚಿಕ್ಕ ಗುಂಡಿ ಇದ್ದರೆ ಇದೆ. ಅದನ್ನು ಲೈನ್ ಕಡೆ ತಳ್ಳಿ, ಉದ್ದ ಕೇಬಲ್ ಎಳೆದು, ಆಂಪ್ಲಿಫೈಯರ್‌ನ ಆಕ್ಸ್ ಅಥವಾ ಲೈನ್ ಹಾದಿಗೆ ಜೋಡಿಸಿ. ಫೋನೋ ಹಾದಿಗೆ ಜೋಡಿಸಿದರೆ ಎರಡು ಸಲ ವರ್ಧನೆಯಾಗಿ, ಮಂದ್ರ ಉಬ್ಬಿ, ಒಡೆದ ಡೊಳ್ಳಿನಂತೆ ಕೇಳಿಸುತ್ತದೆ. ಎರಡೂ ಕಡೆ ಪ್ರೀ-ಆಂಪ್ ಇಲ್ಲದಿದ್ದರೆ ಸೊಳ್ಳೆ ಹಾಡಿದಂತೆ ತೆಳ್ಳಗೆ ಕೇಳಿಸುತ್ತದೆ.

ಮನೆಯಲ್ಲಿ ಡಿಶ್ ಆಂಟೆನಾದ ಕೇಬಲ್ ಸುರುಳಿ ಬಿದ್ದಿದೆ. ಅದನ್ನೇ ಬಳಸಲೇ?

ನಗಬೇಡಿ, ಇದು ಜಾಣ ಪ್ರಶ್ನೆ. ಡಿಶ್‌ಗೆ ಬಳಸುವ ಆರ್‌ಜಿ-6 ಕೇಬಲ್‌ನ ಕೆಪಾಸಿಟನ್ಸ್ ಮೀಟರಿಗೆ ಐವತ್ತು ಪಿಕೋಫ್ಯಾರಡ್‌ನ ಆಸುಪಾಸು, ಅನೇಕ ಹೆಸರಾಂತ ಆಡಿಯೊ ಕೇಬಲ್‌ಗಳ ಅರ್ಧ. ಪ್ರೀ-ಆಂಪ್‌ನಿಂದ ಮುಂದಿನ ಉದ್ದ ದಾರಿಗೆ ಧಾರಾಳವಾಗಿ ಬಳಸಿ. ಎಡಕ್ಕೊಂದು, ಬಲಕ್ಕೊಂದು ಬೇಕು ಎಂಬುದು ನೆನಪಿರಲಿ. ಕಷ್ಟ ಎರಡು. ಅದು ಒಣಗಿದ ಕಬ್ಬಿನಂತೆ ಬಿರುಸು, ಟರ್ನ್‌ಟೇಬಲ್‌ನ ಹಿಂದೆ ನೇರವಾಗಿ ಸಿಕ್ಕಿಸಿದರೆ ಇಡೀ ಯಂತ್ರವನ್ನೇ ಎಳೆಯುತ್ತದೆ. ಇನ್ನೊಂದು, ಅಗ್ಗದ ಬಗೆಯ ಜಾಲರಿ ಅಲ್ಯೂಮಿನಿಯಂನದು, ಬೆಸುಗೆ ಹಿಡಿಯುವುದಿಲ್ಲ. ಡಿಶ್‌ನ ತಿರುಪಿನ ಕನೆಕ್ಟರ್ ಹಾಕಿ, ಅದಕ್ಕೆ ಆರ್‌ಸಿಎ (ಆಡಿಯೊ ಉಪಕರಣಗಳ ಹಿಂದಿನ ಕೆಂಪು-ಬಿಳಿ ಪ್ಲಗ್) ಅಡಾಪ್ಟರ್ ಸಿಕ್ಕಿಸಿದರೆ ಬೆಸುಗೆಯ ಗೊಡವೆಯೇ ಇಲ್ಲ.

ಗಣೇಶೋತ್ಸವದ ಮಂಟಪದವರು ಬಳಸುವ ಮೈಕ್ ಕೇಬಲ್?

ಪ್ರೀ-ಆಂಪ್ ನಂತರ ಆಗಬಹುದು. ಕಾರ್ಟ್ರಿಡ್ಜ್‌ಗೆ ಬೇಡ. ಅದರಲ್ಲೂ ನಾಲ್ಕು ಎಳೆಯ ‘ಸ್ಟಾರ್ ಕ್ವಾಡ್’ ಬಗೆಯಲ್ಲಿ ಕೆಪಾಸಿಟನ್ಸ್ ಹೆಚ್ಚು.

ಆಂಪ್ಲಿಫೈಯರ್ ಅನ್ನೇ ಟರ್ನ್‌ಟೇಬಲ್ ಪಕ್ಕ ತಂದು, ಸ್ಪೀಕರ್ ತಂತಿ ಉದ್ದ ಮಾಡಿದರೆ?

ನನ್ನನ್ನು ಕೇಳಿದರೆ ಇದೇ ಎಲ್ಲಕ್ಕಿಂತ ಸರಳ ಉಪಾಯ, ಆದರೆ ಹತ್ತರಲ್ಲಿ ಒಬ್ಬರೂ ಇದನ್ನು ಮೊದಲು ಯೋಚಿಸುವುದಿಲ್ಲ. ಸ್ಪೀಕರ್ ತಂತಿಯಲ್ಲಿ ಹರಿಯುವುದು ವೋಲ್ಟ್‌ಗಟ್ಟಲೆ ಸಂಕೇತ, ಅದನ್ನು ಯಾವ ಗುಂಯ್ ಸದ್ದೂ ಅಲುಗಿಸಲಾರದು. 2.5 ಚದರ ಮಿಲಿಮೀಟರ್ ತಾಮ್ರದ ತಂತಿ ಹತ್ತು ಮೀಟರ್ ಹೋಗಿ ಹತ್ತು ಮೀಟರ್ ಬಂದರೆ ಪ್ರತಿರೋಧ 0.15 ಓಮ್. 8 ಓಮ್ ಸ್ಪೀಕರ್‌ಗೆ ಅದು ಲೆಕ್ಕಕ್ಕಿಲ್ಲ. ವೈರಿಂಗ್ ಅಂಗಡಿಯಲ್ಲಿ ಮನೆಗೆ ಕೊಳ್ಳುವ ಬಹುಎಳೆ ತಾಮ್ರದ ತಂತಿಯೇ ಸಾಕು. ಇನ್ನೊಂದು ಲಾಭವೂ ಇದೆ. ಸ್ಪೀಕರ್ ದೂರವಾದಷ್ಟೂ ಅದರ ಕಂಪನ ಸೂಜಿಗೆ ತಲುಪಿ ಊಳಿಡುವ ಭಯ ಕಡಿಮೆ. ವಾಲ್ಯೂಮ್ ತಿರುಗಿಸಲು ಎದ್ದು ಪಡಸಾಲೆಗೆ ನಡೆಯಬೇಕು, ಅಷ್ಟೆ. ರೆಕಾರ್ಡ್ ಮಗುಚಲು ಇಪ್ಪತ್ತು ನಿಮಿಷಕ್ಕೊಮ್ಮೆ ಹೇಗೂ ಏಳುತ್ತೀರಿ.

ಆಂಪ್ಲಿಫೈಯರ್‌ನ ಮೇಲೆಯೇ ಟರ್ನ್‌ಟೇಬಲ್ ಇಡಬೇಡಿ. ಅದರ ಟ್ರಾನ್ಸ್‌ಫಾರ್ಮರ್ ಸೂಜಿಯ ಕೆಳಗೇ ಕೂತು ಗುಂಯ್‌ಗುಡುತ್ತದೆ.

ಟರ್ನ್‌ಟೇಬಲ್‌ನಿಂದ ಹೊರಬರುವ ಆ ಒಂಟಿ ತೆಳು ತಂತಿ ಯಾವುದಕ್ಕೆ?

ಅದು ಯಂತ್ರದ ಲೋಹದ ಭಾಗಗಳನ್ನು ಪ್ರೀ-ಆಂಪ್‌ನ ಅರ್ಥ್‌ಗೆ ಸೇರಿಸುವ ತಂತಿ. ಪ್ರೀ-ಆಂಪ್ ಅಥವಾ ಆಂಪ್ಲಿಫೈಯರ್‌ನ ಹಿಂದೆ ಇರುವ ‘ಜಿಎನ್‌ಡಿ’ ತಿರುಪಿಗೆ ಕಟ್ಟಬೇಕು, ಬೇರೆ ಎಲ್ಲಿಗೂ ಅಲ್ಲ. ಅದನ್ನು ಗೋಡೆಯ ಮೊಳೆಗೆ ಸುತ್ತಿದವರನ್ನು ಕಂಡಿದ್ದೇನೆ. ನಲ್ಲಿಯ ಪೈಪಿಗೆ ಕಟ್ಟಿದವರನ್ನೂ ಕಂಡಿದ್ದೇನೆ, ಆ ಪೈಪು ಪ್ಲಾಸ್ಟಿಕ್‌ನದಾಗಿತ್ತು. ಪ್ರೀ-ಆಂಪ್ ಪಕ್ಕದಲ್ಲೇ ಇದ್ದರೆ ಈ ತಂತಿಯನ್ನು ಉದ್ದ ಮಾಡುವ ಪ್ರಸಂಗವೇ ಬರುವುದಿಲ್ಲ.

ಎಲ್ಲ ನೀವು ಹೇಳಿದಂತೆ ಮಾಡಿದೆ. ಆದರೂ ಗುಂಯ್ ಎನ್ನುತ್ತಿದೆ.

ಮೊದಲು ಕಿವಿಗೊಟ್ಟು ಕೇಳಿ. ದಪ್ಪನೆಯ, ಮೃದುವಾದ ‘ಹೂಂ’ ಎಂದರೆ 50 ಹರ್ಟ್ಸ್, ಹೆಚ್ಚಾಗಿ ಟ್ರಾನ್ಸ್‌ಫಾರ್ಮರ್‌ನ ಸಾಮೀಪ್ಯ ಅಥವಾ ಬಿಟ್ಟುಹೋದ ಅರ್ಥ್ ತಂತಿ. ಜೇನುಹುಳದಂತೆ ಕರ್ಕಶವಾಗಿದ್ದರೆ 100 ಹರ್ಟ್ಸ್ ಮತ್ತು ಅದರ ಮೇಲಿನವು, ಇದು ಅರ್ಥ್ ಲೂಪ್‌ನ ಅಥವಾ ಯಾವುದೋ ವಿದ್ಯುತ್ ಉಪಕರಣದ ಕೈವಾಡ.

ಅರ್ಥ್ ಲೂಪ್ ನಮ್ಮ ಉದ್ದನೆಯ ಮನೆಗಳಲ್ಲಿ ಸಲೀಸಾಗಿ ಹುಟ್ಟುತ್ತದೆ. ಪಡಸಾಲೆಯ ಸಾಕೆಟ್‌ನ ಅರ್ಥ್ ಒಂದು ದಾರಿಯಿಂದ ಬಂದಿರುತ್ತದೆ, ನಡುಮನೆಯದು ಎಷ್ಟೋ ವರ್ಷದ ನಂತರ ಇನ್ಯಾರೋ ಎಳೆದ ಇನ್ನೊಂದು ದಾರಿಯಿಂದ. ಎರಡರ ನಡುವೆ ಸಣ್ಣ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ನಿಮ್ಮ ಆಡಿಯೊ ಕೇಬಲ್‌ನ ಶೀಲ್ಡ್ ಅವೆರಡನ್ನೂ ಸೇರಿಸಿದ ಕೂಡಲೇ ಅದರಲ್ಲಿ ಕರೆಂಟ್ ಹರಿಯತೊಡಗುತ್ತದೆ. ಪ್ರೀ-ಆಂಪ್ ಮತ್ತು ಆಂಪ್ಲಿಫೈಯರ್ ಎರಡಕ್ಕೂ ಒಂದೇ ಸಾಕೆಟ್‌ನಿಂದ ಎಕ್ಸ್‌ಟೆನ್ಷನ್ ಎಳೆದು ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿಬಿದ್ದ. ಎಕ್ಸ್‌ಟೆನ್ಷನ್ ಕಾಯಂ ಆಗಿ ಇಡಲಾಗದಿದ್ದರೆ ಉದ್ದ ಕೇಬಲ್‌ನ ನಡುವೆ, ತಂತಿಯ ನೇರ ಸಂಪರ್ಕ ಕಡಿದು ಸಂಕೇತವನ್ನು ಮಾತ್ರ ದಾಟಿಸುವ 1:1 ಆಡಿಯೊ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಸೇರಿಸಿ. ಇದು ಪ್ರೀ-ಆಂಪ್‌ನ ನಂತರ ಮಾತ್ರ. ಎರಡೂ ಕಡೆ ಎಕ್ಸ್‌ಎಲ್‌ಆರ್ (ಮೈಕ್‌ಗೆ ಬಳಸುವ ಮೂರು ಪಿನ್‌ನ ಪ್ಲಗ್) ಜೋಡಣೆ ಇರುವ ಉಪಕರಣ ನಿಮ್ಮಲ್ಲಿದ್ದರೆ ಬ್ಯಾಲೆನ್ಸ್ಡ್ ಕೇಬಲ್ ಹಾಕಿ ನಿಶ್ಚಿಂತರಾಗಿ.

ಲೂಪ್ ಇಲ್ಲದಿದ್ದರೆ ಒಂದೊಂದೇ ಉಪಕರಣ ಆರಿಸುತ್ತ ಬನ್ನಿ. ಫ್ಯಾನಿನ ಗುಂಡಿ ತಿರುಗಿಸುತ್ತ ಹೋದಂತೆ ವೇಗ ನಿಧಾನವಾಗಿ ಬದಲಾಗುವ ರೆಗ್ಯುಲೇಟರ್ ದೊಡ್ಡ ಅಪರಾಧಿ, ಮೆಟ್ಟಿಲು ಮೆಟ್ಟಿಲಾಗಿ ಬದಲಾಗುವುದು ಸಾಧು. ಕರೆಂಟ್ ಹೋದಾಗ ಮಾತ್ರ ಕರ್ಕಶ ಸದ್ದು ಬರುತ್ತಿದ್ದರೆ ಅದು ಚೌಕ ಅಲೆಯ ಇನ್ವರ್ಟರ್‌ನದು. ವಡಗಾವಿಯಲ್ಲಿ ಇನ್ನೊಂದು ಸಂಗತಿ. ಪಕ್ಕದ ಗೋಡೆಯಾಚೆ ವಿದ್ಯುತ್ ಮಗ್ಗ ಶುರುವಾದ ಕ್ಷಣ ಸ್ಪೀಕರ್‌ನಲ್ಲಿ ‘ಟಪ್’ ಎನ್ನುತ್ತದೆ. ಮಗ್ಗ ನಿಲ್ಲಿಸಿ ಎನ್ನಲು ಬಾಯಿ ಬರುವುದಿಲ್ಲ, ಅದು ಅವರ ಅನ್ನ. ನಾನು ಟರ್ನ್‌ಟೇಬಲ್ ಅನ್ನು ಎದುರು ಗೋಡೆಗೆ ಸರಿಸಿ, ಪ್ರೀ-ಆಂಪ್‌ಗೆ ಫಿಲ್ಟರ್ ಇರುವ ಪ್ಲಗ್ ಪಟ್ಟಿ ಕೊಟ್ಟೆ. ಸದ್ದು ಬಹಳ ಮಟ್ಟಿಗೆ ಅಡಗಿತು, ಪೂರ್ತಿ ಹೋಗಲಿಲ್ಲ.

ಪ್ಲಗ್‌ನ ಮೂರನೇ ಪಿನ್ ತೆಗೆದರೆ ಗುಂಯ್ ನಿಲ್ಲುತ್ತದೆ ಎನ್ನುತ್ತಾರೆ.

ನಿಲ್ಲಬಹುದು. ನಿಮ್ಮ ಉಸಿರೂ ನಿಲ್ಲಬಹುದು. ಆ ಪಿನ್ ಇರುವುದು ಒಳಗೆ 230 ವೋಲ್ಟ್ ಸೋರಿ ಪೆಟ್ಟಿಗೆಗೆ ತಗುಲಿದಾಗ ಅದನ್ನು ನೆಲಕ್ಕೆ ಇಳಿಸಲು. ಯಾವ ರಾಗವೂ ಅಷ್ಟು ಬೆಲೆ ಬಾಳುವುದಿಲ್ಲ. ಮನೆಗೆ ಅರ್ಥಿಂಗ್ ಇಲ್ಲದಿದ್ದರೆ ಟರ್ನ್‌ಟೇಬಲ್ ಕೊಳ್ಳುವ ಮೊದಲು ಅದನ್ನು ಮಾಡಿಸಿ.

ಎಂಸಿ ಕಾರ್ಟ್ರಿಡ್ಜ್‌ಗೂ ಇದೇ ನಿಯಮವೇ?

ಅದರ ಸುರುಳಿ ಚಿಕ್ಕದು, ಆದ್ದರಿಂದ ಕೆಪಾಸಿಟನ್ಸ್‌ನ ಕಾಟ ಅದಕ್ಕೆ ಹೆಚ್ಚುಕಡಿಮೆ ಇಲ್ಲ. ಆದರೆ ಸಂಕೇತ ಹತ್ತು ಪಟ್ಟು ದುರ್ಬಲ, ವರ್ಧನೆ ಸಾವಿರ ಪಟ್ಟು ಬೇಕು. ಹಾಗಾಗಿ ಗುಂಯ್ ಸದ್ದಿನ ಕಾರಣಕ್ಕೆ ಅಲ್ಲಿಯೂ ಗಿಡ್ಡ ಕೇಬಲ್ಲೇ ಸರಿ.

ಅಜ್ಜನ ಕಾಲದ ಸೂಟ್‌ಕೇಸ್ ಪ್ಲೇಯರ್ ಇದೆ. ಅದಕ್ಕೂ ಪ್ರೀ-ಆಂಪ್ ಬೇಕೇ?

ಅನೇಕವೇಳೆ ಬೇಡ. ಆ ಪ್ಲೇಯರುಗಳಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಸೆರಾಮಿಕ್ ಅಥವಾ ಕ್ರಿಸ್ಟಲ್ ಕಾರ್ಟ್ರಿಡ್ಜ್. ಅವು ನೂರಾರು ಮಿಲಿವೋಲ್ಟ್ ಕೊಡುತ್ತವೆ. ಅವುಗಳ ಸ್ವಭಾವ ಬೇರೆ. ಕೇಬಲ್ ಉದ್ದವಾದರೆ ತಾರ ಸ್ವರ ಮಾತ್ರ ಕುಗ್ಗುವುದಿಲ್ಲ, ಒಟ್ಟು ಸದ್ದೇ ಸ್ವಲ್ಪ ತಗ್ಗುತ್ತದೆ. ಅವು ಬಯಸುವುದು 10 ಲಕ್ಷ ಓಮ್‌ನಷ್ಟು ದೊಡ್ಡ ಲೋಡ್, ಅಂದರೆ ಆಂಪ್ಲಿಫೈಯರ್‌ನ ಒಳಹಾದಿಯ ಪ್ರತಿರೋಧ. ಇಂದಿನ ಆಂಪ್ಲಿಫೈಯರ್‌ನ ಆಕ್ಸ್ ಹಾದಿಗೆ ಸಿಕ್ಕಿಸಿದರೆ ಮಂದ್ರ ಸೊರಗುತ್ತದೆ. ಕ್ರಿಸ್ಟಲ್ ಬಗೆಯ ಒಳಗೆ ಇರುವುದು ರೋಶೆಲ್ ಲವಣ. ಬೆಳಗಾವಿಯ ನಾಲ್ಕು ತಿಂಗಳ ಮಳೆಯ ತೇವವನ್ನು ದಶಕಗಳ ಕಾಲ ಕುಡಿದ ಅಂಥ ಕಾರ್ಟ್ರಿಡ್ಜ್ ಬದುಕಿದ್ದರೆ ಅದಕ್ಕೆ ನಮಸ್ಕಾರ ಹಾಕಿ. ಹೆಚ್ಚಾಗಿ ಬದುಕಿರುವುದಿಲ್ಲ.

ಬ್ಲೂಟೂತ್ ಇರುವಾಗ ಈ ಕೇಬಲ್ ರಗಳೆಯೇ ಏಕೆ?

ರಗಳೆ ಬೇಡ ಎನ್ನುವವರು ಧಾರಾಳವಾಗಿ ಬಳಸಲಿ, ಕೇಳುವ ಸುಖ ಮುಖ್ಯ. ಸಂಕೇತ ಅಂಕಿಗಳಾಗಿ ಬದಲಾಗಿ, ಹಿಂಡಿ, ಹೋಗುತ್ತದೆ ಎಂಬುದಷ್ಟೇ ವ್ಯತ್ಯಾಸ. ಮಣ್ಣಿನ ದಪ್ಪ ಗೋಡೆಗಳು ನಡುವೆ ಎರಡಿದ್ದರೆ ಅದು ತಡವರಿಸುತ್ತದೆ.

ಉದ್ದ ಕೇಬಲನ್ನು ಲೈಟಿನ ತಂತಿ ಇರುವ ಪಟ್ಟಿಯೊಳಗೇ ತುರುಕಬಹುದೇ?

ಬೇಡ. ಸುರಕ್ಷತೆಗೂ ಸರಿಯಲ್ಲ, ಸದ್ದಿಗೂ ಸರಿಯಲ್ಲ. ಬೇರೆ ಪಟ್ಟಿ ಹಾಕಿ, ಕರೆಂಟಿನ ತಂತಿಗಿಂತ ಒಂದಡಿಯಾದರೂ ದೂರ ಇಡಿ. ದಾಟಲೇಬೇಕಾದರೆ ಅಧಿಕ ಚಿಹ್ನೆಯಂತೆ ನೇರ ಅಡ್ಡವಾಗಿ ದಾಟಿಸಿ, ಪಕ್ಕಪಕ್ಕ ಮಲಗಿಸಬೇಡಿ. ಅಟ್ಟದ ಮೇಲಿಂದ ಎಳೆಯುವುದಾದರೆ ಪ್ಲಾಸ್ಟಿಕ್ ಪೈಪಿನೊಳಗೆ ಹಾಕಿ. ನಮ್ಮ ಅಟ್ಟದ ಇಲಿಗಳಿಗೆ ಕೇಬಲ್‌ನ ಕೆಪಾಸಿಟನ್ಸ್ ಗೊತ್ತಿಲ್ಲ, ರುಚಿ ಗೊತ್ತು.

ಮಳೆಗಾಲದಲ್ಲಿ ಒಂದು ಕಡೆಯ ಸ್ಪೀಕರ್ ಕರಕರ ಎಂದು ಆಗಾಗ ನಿಂತುಹೋಗುತ್ತದೆ. ಕೇಬಲ್ ಬದಲಿಸಬೇಕೇ?

ಬದಲಿಸುವ ಮೊದಲು ಪ್ಲಗ್ ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಗೋಡೆಯೇ ಬೆವರುತ್ತದೆ, ಆರ್‌ಸಿಎ ಪ್ಲಗ್‌ಗೆ ಕಿಲುಬು ಹಿಡಿಯುವುದರಲ್ಲಿ ಆಶ್ಚರ್ಯವಿಲ್ಲ. ಎಲ್ಲವನ್ನೂ ಆರಿಸಿ, ಪ್ಲಗ್‌ಗಳನ್ನು ನಾಲ್ಕೈದು ಸಲ ತಿರುಗಿಸುತ್ತ ಹಾಕಿ ತೆಗೆಯಿರಿ. ಆಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ. ಸದ್ದು ಇನ್ನೂ ಇದ್ದರೆ ಎಡಬಲದ ಪ್ಲಗ್‌ಗಳನ್ನು ಪ್ರೀ-ಆಂಪ್‌ನ ಒಳಹಾದಿಯಲ್ಲಿ ಅದಲುಬದಲು ಮಾಡಿ. ತೊಂದರೆ ಇನ್ನೊಂದು ಸ್ಪೀಕರ್‌ಗೆ ಹೋದರೆ ದೋಷ ಟರ್ನ್‌ಟೇಬಲ್ ಕಡೆಯದು, ಕಾರ್ಟ್ರಿಡ್ಜ್‌ನ ಹಿಂದಿನ ನಾಲ್ಕು ಪುಟ್ಟ ಕೊಳವೆಗಳನ್ನು ಚಿಮಟದಿಂದ ಮೆಲ್ಲಗೆ ಅಲುಗಿಸಿ ನೋಡಿ. ಹೋಗದಿದ್ದರೆ ಪ್ರೀ-ಆಂಪ್‌ನದೋ, ಉದ್ದ ಕೇಬಲ್‌ನದೋ, ಅದರಾಚೆಯದೋ, ಆಗ ಅಟ್ಟ ಹತ್ತಿ.